ಹರಿದ ಬಾಯಿ, ಬಿಚ್ಚಿದ ಕೂದಲು: ಕಾಮಿಕ್ಸ್‌ನ ಹೆಣ್ಣು ದೆವ್ವಗಳು ಬಂದಿದ್ದು ಎಲ್ಲಿಂದ?

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಸಂಚಿಕೆಯಲ್ಲಿ ಕೊಲೆ ಮತ್ತು ಹಿಂಸೆಯ ವಿವರಗಳಿವೆ.)

ರಾತ್ರಿ ಲೈಟ್ ಆಫ್ ಮಾಡಿ, ಇಯರ್‌ಫೋನ್ ಹಾಕ್ಕೊಂಡು ಮಲಗಿರೋರು ಯಾರಾದರೂ ಇದ್ದರೆ, ಇವತ್ತು ಒಂದು ಸಣ್ಣ ಲೈಟ್ ಉರೀತಿರಲಿ. ಯಾಕಂದ್ರೆ ಇವತ್ತಿನ ವಿಷಯ ಹೆಣ್ಣು ದೆವ್ವಗಳು. ಸಿನಿಮಾದ ದೆವ್ವಗಳಲ್ಲ, ಕಾಮಿಕ್ಸ್ ಪುಟದಲ್ಲಿ ಹುಟ್ಟಿದ ದೆವ್ವಗಳು.

ನಿಮ್ಮ ಫೋನಲ್ಲಿ ಈ ಮುಖವನ್ನ ನೀವು ಬಹುಶಃ ನೋಡಿದ್ದೀರಿ. ಉದ್ದನೆಯ ಕಪ್ಪು ಕೂದಲು, ಅರೆಮುಚ್ಚಿದ ಕಣ್ಣು, ಎಡಗಣ್ಣಿನ ಕೆಳಗೆ ಒಂದು ಮಚ್ಚೆ. ಇನ್‌ಸ್ಟಾಗ್ರಾಮ್‌ನಲ್ಲಿ ಅದು ಪ್ರೊಫೈಲ್ ಫೋಟೋ ಆಗಿರುತ್ತೆ, ಟೀಶರ್ಟ್ ಮೇಲೆ ಇರುತ್ತೆ, ಕೆಲವರ ತೋಳಿನ ಮೇಲೆ ಟ್ಯಾಟೂ ಆಗಿರುತ್ತೆ. ಅವಳ ಹೆಸರು ತೊಮಿಯೆ. ಜಪಾನಿನ ಜುಂಜಿ ಇತೋ ಬರೆದ ಪಾತ್ರ. 2023ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ 'ಜುಂಜಿ ಇತೋ ಮ್ಯಾನಿಯಾಕ್' ಸರಣಿಯಲ್ಲೂ ಅವಳಿದ್ದಾಳೆ.

ಈ ತೊಮಿಯೆ ಮೊದಲು ಅಚ್ಚಾಗಿದ್ದು 1987ರಲ್ಲಿ, 'ಮಂಥ್ಲಿ ಹ್ಯಾಲೋವೀನ್' ಅನ್ನೋ ಪತ್ರಿಕೆಯಲ್ಲಿ. ಅದು ಯಾರಿಗೋಸ್ಕರ ಬರ್ತಿದ್ದ ಪತ್ರಿಕೆ ಗೊತ್ತಾ? ಹುಡುಗಿಯರಿಗೋಸ್ಕರ. ಹೈಸ್ಕೂಲು, ಕಾಲೇಜು ವಯಸ್ಸಿನ ಹುಡುಗಿಯರು ಅಂಗಡಿಯಲ್ಲಿ ದುಡ್ಡು ಕೊಟ್ಟು ತಗೊಳ್ತಿದ್ದ ಹಾರರ್ ಪತ್ರಿಕೆ ಅದು.

ಭಯಾನಕ ಹೆಣ್ಣಿನ ಚಿತ್ರ ಅಂದ ತಕ್ಷಣ ನಾವು ಸಾಮಾನ್ಯವಾಗಿ ಏನು ಅಂದ್ಕೊಳ್ತೀವಿ? ಹೆಣ್ಣಿಗೆ ಹೆದರೋ ಗಂಡಸರು ಬರೆದಿದ್ದು, ಗಂಡಸರೇ ಓದಿದ್ದು ಅಂತ. ಅರ್ಧ ನಿಜ. ಆದರೆ ಜಪಾನಿನ ಇತಿಹಾಸ ನೋಡಿದರೆ ಉಳಿದ ಅರ್ಧ ಕಾಣಿಸುತ್ತೆ. ಅಲ್ಲಿ ಈ ದೆವ್ವಗಳನ್ನ ಬೆಳೆಸಿದ್ದು ಹುಡುಗಿ ಓದುಗರು. ಇನ್ನೊಂದು ವಿಷಯಾನೂ ಕಾಣಿಸುತ್ತೆ. ಈ ಕಥೆಗಳಲ್ಲಿ ಹೆಣ್ಣು ದೆವ್ವ ಆಗೋದಕ್ಕೆ ಮುಂಚೆ ಬಹಳ ಸಲ ಒಂದು ಅಪರಾಧ ನಡೆದಿರುತ್ತೆ. ಮಾಡಿದೋರು ಬೇರೆಯವರು. ದೆವ್ವ ಬಂದ ಮೇಲೆ ಆ ಅಪರಾಧ ನಮಗೆ ಮರೆತೇ ಹೋಗುತ್ತೆ. ಇವತ್ತು ಅದನ್ನ ಮರೆಯದೆ ಈ ಕಥೆ ಹೇಳೋಣ.

1825: ಕನ್ನಡಿ, ಬಾಚಣಿಗೆ, ವಿಷ

ಶುರು ಮಾಡೋಣ ಈಗಿನ ಟೋಕಿಯೋದಿಂದ. ಆಗ ಅದರ ಹೆಸರು ಎದೊ. 1825ರಲ್ಲಿ ಅಲ್ಲಿನ ಕಬುಕಿ ರಂಗಮಂದಿರವೊಂದರಲ್ಲಿ ಹೊಸ ನಾಟಕ ಬಂತು. ಬರೆದವರು ನಾಲ್ಕನೇ ತ್ಸುರುಯಾ ನನ್‌ಬೊಕು. ನಾಟಕ 'ಯೊತ್ಸುಯಾ ಕೈದಾನ್', ಅಂದ್ರೆ ಯೊತ್ಸುಯಾ ಅನ್ನೋ ಬಡಾವಣೆಯ ದೆವ್ವದ ಕಥೆ.

ಕಥೆ ಹೀಗಿದೆ. ಇಯೆಮೊನ್ ಅಂತ ಒಬ್ಬ ಸಾಮುರಾಯ್. ಒಡೆಯ ಇಲ್ಲ, ಕೆಲಸ ಇಲ್ಲ, ಕೈಯಲ್ಲಿ ಕಾಸಿಲ್ಲ. ಹೆಂಡತಿ ಒಯಿವಾ ಆಗ ತಾನೇ ಹೆತ್ತ ಬಾಣಂತಿ, ಹಾಸಿಗೆ ಹಿಡಿದಿದ್ದಾಳೆ. ಪಕ್ಕದಲ್ಲೇ ಒಂದು ಶ್ರೀಮಂತರ ಮನೆ. ಆ ಮನೆಯ ಹುಡುಗಿಗೆ ಇಯೆಮೊನ್ ಮೇಲೆ ಮನಸ್ಸಾಗಿದೆ. ಆ ಮನೆಯಿಂದ ಒಯಿವಾಗೆ ಔಷಧಿ ಬರುತ್ತೆ. ಬಾಣಂತಿಗೆ ಒಳ್ಳೇದು ಅಂತ ಕಳಿಸಿದ್ದು. ಪಾಪ, ಅವಳು ಕೈಮುಗಿದು ಕುಡೀತಾಳೆ. ಅದು ವಿಷ.

ವಿಷ ಅವಳ ಮುಖ ಕೆಡಿಸುತ್ತೆ. ಒಂದು ಕಣ್ಣು ಊದಿಕೊಂಡು ಜೋತುಬೀಳುತ್ತೆ. ಅವಳಿಗೆ ಇದು ಗೊತ್ತಾಗೋದು ಒಬ್ಬ ಕನ್ನಡಿ ತೋರಿಸಿದಾಗ. ಆಮೇಲೆ ಬರೋದು ಆ ನಾಟಕದ ಅತ್ಯಂತ ಪ್ರಸಿದ್ಧ ದೃಶ್ಯ. ಒಯಿವಾ ಕೂತು ತಲೆ ಬಾಚ್ತಾಳೆ. ಬಾಚಿದ ಹಾಗೆಲ್ಲ ಕೂದಲು ಕೈಗೆ ಬರುತ್ತೆ. ರಾಶಿ ರಾಶಿ ಕೂದಲು, ಜೊತೆಗೆ ರಕ್ತ. ಅವಳು ಬಾಚ್ತಾ ಇರೋದು ಯಾಕೆ ಅಂತೀರಿ? ತನಗೆ ಮೋಸ ಮಾಡಿದ ಆ ಮನೆಗೆ ಹೋಗಿ ಮುಖಾಮುಖಿ ಕೇಳಬೇಕು, ಹೋಗೋಕೆ ಮುಂಚೆ ಮರ್ಯಾದೆಯಾಗಿ ತಲೆ ಬಾಚ್ಕೋಬೇಕು ಅಂತ. ಅವಳು ಹೊಸ್ತಿಲು ದಾಟೋದೇ ಇಲ್ಲ. ಮನೆಯಲ್ಲೇ ಇದ್ದ ಕತ್ತಿ ತಗುಲಿ ಸಾಯ್ತಾಳೆ.

ಅಲ್ಲಿಂದ ಮುಂದೆ ಅವಳು ದೆವ್ವ. ಗಂಡನ ಬೆನ್ನು ಬಿಡಲ್ಲ. ಅವನು ಎರಡನೇ ಮದುವೆ ಮಾಡ್ಕೊಂಡ ರಾತ್ರಿ ಹೊಸ ಹೆಂಡತಿಯ ಮುಖದಲ್ಲಿ ಒಯಿವಾಳ ಕೆಟ್ಟ ಮುಖ ಕಾಣುತ್ತೆ. ಹೆದರಿ ಕತ್ತಿ ಬೀಸ್ತಾನೆ. ನೆಲಕ್ಕೆ ಬಿದ್ದಿದ್ದು ಹೊಸ ಹೆಂಡತಿಯ ತಲೆ. ಈ ದೃಶ್ಯಾನ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಇಂದಿಗೂ ಜಪಾನಿನಲ್ಲಿ ಈ ನಾಟಕ ಆಡೋ ಮುಂಚೆ ಕಲಾವಿದರು ಒಯಿವಾಳ ಗುಡಿಗೆ ಹೋಗಿ ಕೈಮುಗಿದು ಬರ್ತಾರೆ. ಅವಳ ಕಥೆ ಹೇಳೋಕೆ ಅವಳದೇ ಅಪ್ಪಣೆ ಬೇಕು ಅನ್ನೋ ನಂಬಿಕೆ ಅದು. ನಮ್ಮೂರ ಕಡೆ ದೈವದ ಕಥೆ ಆಡೋರಿಗೆ ಇದು ಬಿಡಿಸಿ ಹೇಳೋ ಅಗತ್ಯವೇ ಇಲ್ಲ.

ರಂಗದಿಂದ ಕಾಗದಕ್ಕೆ

ನಾಟಕ ಬಂದು ಆರೇಳು ವರ್ಷಕ್ಕೆ ಒಬ್ಬ ಚಿತ್ರಕಾರ ಒಯಿವಾಳನ್ನ ಕಾಗದಕ್ಕೆ ಇಳಿಸಿದ. ಹೊಕುಸಾಯ್. ಟೀಶರ್ಟು, ಮೊಬೈಲ್ ಕವರು, ಎಲ್ಲ ಕಡೆ ಇರೋ ಆ ನೀಲಿ 'ದೊಡ್ಡ ಅಲೆ' ಚಿತ್ರ ಇದೆಯಲ್ಲ, ಅದನ್ನ ಬರೆದವನೇ. ಎಪ್ಪತ್ತರ ಆಸುಪಾಸಿನಲ್ಲಿ, ಹೆಚ್ಚುಕಡಿಮೆ ಆ ಅಲೆಯ ಕಾಲದಲ್ಲೇ, ದೆವ್ವಗಳ ಒಂದು ಚಿತ್ರಸರಣಿ ಮಾಡಿದ. ನಮಗೆ ಉಳಿದಿರೋದು ಐದೇ ಚಿತ್ರ.

ಅದರಲ್ಲಿ ಒಂದು ಒಯಿವಾ. ಕಾಗದದ ಲಾಂದ್ರವೇ ಅವಳ ಮುಖ. ಲಾಂದ್ರದ ಹರಿದ ಭಾಗ ಅವಳ ಬಾಯಿ. ಇನ್ನೊಂದು ಒಕಿಕು, ತಟ್ಟೆ ಕಳೆದ ಆರೋಪ ಹೊತ್ತು ಬಾವಿ ಪಾಲಾದ ಕೆಲಸದ ಹೆಣ್ಣು. ಅವಳ ಕತ್ತು ತಟ್ಟೆಗಳಿಂದಲೇ ಆಗಿದೆ. ಬಾವಿಯಿಂದ ಎದ್ದುಬರೋ ಕೂದಲು ಬಿಚ್ಚಿದ ಹೆಣ್ಣು ಅಂದ ತಕ್ಷಣ ನಿಮಗೆ 'ರಿಂಗ್' ಸಿನಿಮಾ ನೆನಪಾಗಿರಬಹುದು. 1998ರ ಆ ಸಿನಿಮಾದ ಸಡಾಕೊಳಿಗೆ ಒಕಿಕು ಮುತ್ತಜ್ಜಿ ಇದ್ದ ಹಾಗೆ.

ಮೂರನೆಯದು ಹನ್ಯಾ. ಕೊಂಬು, ಕೋರೆಹಲ್ಲು ಇರೋ ಹೆಣ್ಣು ರಾಕ್ಷಸಿ. ಜಪಾನಿನ ನೋ ನಾಟಕದಲ್ಲಿ ಹನ್ಯಾ ಅನ್ನೋದು ಒಂದು ಮುಖವಾಡ. ಹೊಟ್ಟೆಕಿಚ್ಚಿನಿಂದ, ಮೋಸಹೋದ ಸಂಕಟದಿಂದ ರಾಕ್ಷಸಿಯಾದ ಹೆಣ್ಣಿನ ಮುಖ. ಅದನ್ನ ಕೆತ್ತೋ ರೀತಿಯಲ್ಲೇ ಒಂದು ಗುಟ್ಟಿದೆ. ನಟ ಮುಖ ಮೇಲೆತ್ತಿದರೆ ಅದು ಕೋಪ. ಸ್ವಲ್ಪ ತಗ್ಗಿಸಿದರೆ ಅದೇ ಮುಖವಾಡ ಅಳ್ತಾ ಇರೋ ಹಾಗೆ ಕಾಣುತ್ತೆ.

ಹೊಕುಸಾಯ್‌ಗೂ ಮಾಂಗಾ ಅನ್ನೋ ಪದಕ್ಕೂ ನಂಟಿದೆ. 1814ರಿಂದ ಬಂದ ಅವನ ರೇಖಾಚಿತ್ರಗಳ ಪುಸ್ತಕಗಳ ಹೆಸರೇ 'ಹೊಕುಸಾಯ್ ಮಾಂಗಾ'. ಈಗಿನ ಅರ್ಥದ ಕಾಮಿಕ್ಸ್ ಅದಲ್ಲ. ಆದರೆ ಅಗ್ಗದ ದರಕ್ಕೆ ಅಚ್ಚಾಗಿ ಜನರ ಕೈಗೆ ಹೋದ ದೆವ್ವದ ಚಿತ್ರಗಳ ಅಭ್ಯಾಸ ಜಪಾನಿಗೆ ಆಗಲೇ ಇತ್ತು.

ಒಂದು ಸಣ್ಣ ಸುತ್ತು: ಅಮೆರಿಕ, 1954

ಈಗ ಜಪಾನ್ ಬಿಟ್ಟು ಐದು ನಿಮಿಷ ನ್ಯೂಯಾರ್ಕ್‌ಗೆ ಹೋಗಿ ಬರೋಣ. ಯಾಕಂದ್ರೆ ಹಾರರ್ ಕಾಮಿಕ್ಸ್ ಅಂದಾಗ ಜಗತ್ತಿಗೆ ಮೊದಲು ನೆನಪಾಗೋದು ಅಮೆರಿಕ. 1950ರಲ್ಲಿ ಇಸಿ ಅನ್ನೋ ಕಂಪನಿ 'ಟೇಲ್ಸ್ ಫ್ರಮ್ ದ ಕ್ರಿಪ್ಟ್' ಥರದ ಪುಸ್ತಕಗಳನ್ನ ಶುರು ಮಾಡ್ತು. ಮಕ್ಕಳು ಮುಗಿಬಿದ್ದು ಕೊಂಡರು. ದೊಡ್ಡವರು ಗಾಬರಿಯಾದರು.

1954ರ ಏಪ್ರಿಲ್ 21. ಬಾಲಾಪರಾಧದ ಬಗ್ಗೆ ವಿಚಾರಣೆ ಮಾಡ್ತಿದ್ದ ಸೆನೆಟ್ ಉಪಸಮಿತಿ ಮುಂದೆ ಇಸಿಯ ಮಾಲೀಕ ವಿಲಿಯಂ ಗೇನ್ಸ್ ಬಂದು ಕೂತ. ಸೆನೆಟರ್ ಎಸ್ಟೆಸ್ ಕೆಫಾವರ್ ಒಂದು ಪುಸ್ತಕದ ಮುಖಪುಟ ಎತ್ತಿ ತೋರಿಸಿದರು. 'ಕ್ರೈಮ್ ಸಸ್ಪೆನ್‌ಸ್ಟೋರೀಸ್' 22ನೇ ಸಂಚಿಕೆ. ಗಂಡಸಿನ ಒಂದು ಕೈಯಲ್ಲಿ ರಕ್ತದ ಕೊಡಲಿ, ಇನ್ನೊಂದು ಕೈಯಲ್ಲಿ ಕೂದಲು ಹಿಡಿದು ಎತ್ತಿದ ಹೆಂಗಸಿನ ತಲೆ. ಇದು ನಿಮಗೆ ಸದಭಿರುಚಿ ಅನ್ನಿಸುತ್ತಾ ಅಂತ ಕೇಳಿದರು. ಹಾರರ್ ಕಾಮಿಕ್ಸ್ ಮುಖಪುಟವಾಗಿ ಹೌದು ಅಂದ ಗೇನ್ಸ್. ತಲೆಯನ್ನ ಇನ್ನೂ ಸ್ವಲ್ಪ ಮೇಲೆತ್ತಿ, ಕತ್ತಿನಿಂದ ರಕ್ತ ತೊಟ್ಟಿಕ್ಕೋದು ತೋರಿಸಿದ್ದರೆ ಆಗ ಕೆಟ್ಟ ಅಭಿರುಚಿ ಆಗ್ತಿತ್ತು ಅಂತ ವಿವರಿಸಿದ. ಮರುದಿನ ಪತ್ರಿಕೆಗಳಿಗೆ ಇಷ್ಟು ಸಾಕಾಯ್ತು.

ಇಡೀ ಚರ್ಚೆ ನಡೆದಿದ್ದು ಆ ತಲೆ ಎಷ್ಟು ಇಂಚು ಮೇಲಿರಬೇಕು ಅನ್ನೋದರ ಸುತ್ತ. ಆ ಹೆಂಗಸು ಯಾರು, ಅವಳನ್ನ ಯಾಕೆ ಕೊಂದ, ಇಂಥ ಚಿತ್ರದಲ್ಲಿ ಸತ್ತು ಬಿದ್ದಿರೋದು ಯಾಕೆ ಪದೇಪದೇ ಹೆಂಗಸೇ ಅನ್ನೋ ಪ್ರಶ್ನೆ ಆ ಮಾತುಕತೆಯಲ್ಲಿ ಮುಖ್ಯ ಆಗಲೇ ಇಲ್ಲ.

ಅದೇ ವರ್ಷ ಪ್ರಕಾಶಕರೇ ಸೇರಿ ಕಾಮಿಕ್ಸ್ ಕೋಡ್ ಅಂತ ಒಂದು ನಿಯಮಾವಳಿ ಮಾಡ್ಕೊಂಡರು. ರಕ್ತಪಿಶಾಚಿ, ತೋಳಮಾನವ, ನಡೆದಾಡೋ ಹೆಣ, ಎಲ್ಲ ನಿಷೇಧ. ಹೆಂಗಸರ ಮೈಕಟ್ಟನ್ನ ಉತ್ಪ್ರೇಕ್ಷೆ ಮಾಡದೆ ನೈಜವಾಗಿ ಬರೀಬೇಕು ಅಂತಾನೂ ಒಂದು ನಿಯಮ. ಇಸಿಯ ಹಾರರ್ ಪುಸ್ತಕಗಳು ಮುಚ್ಚಿದವು. 1969ರಲ್ಲಿ 'ವ್ಯಾಂಪಿರೆಲ್ಲಾ' ಅನ್ನೋ ರಕ್ತಪಿಶಾಚಿ ಹೆಣ್ಣು ಬಂದಳು. ಅವಳು ಬಂದಿದ್ದೂ ಹಿಂಬಾಗಿಲಿಂದ. ಕಪ್ಪು-ಬಿಳುಪು ಮ್ಯಾಗಜೀನ್ ರೂಪದಲ್ಲಿ ಬಂದರೆ ಕೋಡ್ ಅನ್ವಯ ಆಗ್ತಿರಲಿಲ್ಲ. ಅವಳ ಮೈಮೇಲೆ ಇದ್ದಿದ್ದು ತುಂಡು ಬಟ್ಟೆ. ನೋಡೋಕೆ ಕರೆಯುತ್ತಿದ್ದದ್ದು ಮುಖ್ಯವಾಗಿ ಹುಡುಗರನ್ನ.

1965: ಅಮ್ಮ ಅಂದ್ರೆ ಭಯ

ವಾಪಸ್ ಜಪಾನಿಗೆ. ಅಮೆರಿಕದಲ್ಲಿ ಕೋಡ್ ಬಂದು 11 ವರ್ಷ ಆಗಿತ್ತು. ಕೊದಾನ್ಶಾ ಪ್ರಕಾಶನದ 'ಶೋಜೋ ಫ್ರೆಂಡ್' ಅನ್ನೋ ವಾರಪತ್ರಿಕೆ. ಶೋಜೋ ಅಂದ್ರೆ ಹುಡುಗಿ. ಆಗಿನ ಹುಡುಗಿಯರ ಕಾಮಿಕ್ಸ್ ತುಂಬ ಅಮ್ಮಂದಿರ ಕಥೆಗಳು. ಅಮ್ಮನಿಂದ ದೂರವಾದ ಮಗಳು, ಅಮ್ಮನನ್ನ ಹುಡುಕೋ ಮಗಳು, ಕೊನೆಗೆ ತಬ್ಬಿಕೊಂಡು ಅಳೋ ಅಮ್ಮ-ಮಗಳು. ನಮ್ಮ ಹಳೇ ಸಿನಿಮಾಗಳ ತಾಯಿ ಸೆಂಟಿಮೆಂಟ್ ನೆನಪಿಸ್ಕೊಳ್ಳಿ, ಸಾಕು.

ಅಲ್ಲಿಗೆ ಬಂದರು ಕಜುವೊ ಉಮೆಜು. 1936ರಲ್ಲಿ ಹುಟ್ಟಿದವರು. ಆಮೇಲಾಮೇಲೆ ಕೆಂಪು-ಬಿಳಿ ಪಟ್ಟೆ ಅಂಗಿಯೇ ಅವರ ಗುರುತಾಯ್ತು, ಟಿವಿಯಲ್ಲಿ ನಗುನಗುತ್ತಾ ಕಾಣಿಸ್ಕೊಳ್ತಿದ್ದ ಮನುಷ್ಯ. 1965ರಲ್ಲಿ ಅವರು ಬರೆದ ಕಥೆಯ ಹೆಸರನ್ನ ಕನ್ನಡಕ್ಕೆ ತಂದರೆ 'ಅಮ್ಮ ಅಂದ್ರೆ ಭಯ' ಅಂತ ಆಗುತ್ತೆ.

ಯುಮಿಕೊ ಅನ್ನೋ ಹುಡುಗಿಯ ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಅದೇ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸನ್ನ ಕೂಡಿಹಾಕಿದ್ದಾರೆ. ಅವಳು ತನ್ನನ್ನ ಹಾವು ಅಂದ್ಕೊಂಡಿದ್ದಾಳಂತೆ. ನೋಡೋಕೆ ಯುಮಿಕೊಳ ಅಮ್ಮನ ಪಡಿಯಚ್ಚು. ಒಂದಿನ ಅವಳು ತಪ್ಪಿಸ್ಕೊಂಡು, ಅಮ್ಮನ ಜಾಗದಲ್ಲಿ ಮನೆಗೆ ಬರ್ತಾಳೆ. ಅಡುಗೆಮನೆಯಲ್ಲಿರೋದು ಅಮ್ಮ. ಪಕ್ಕದಲ್ಲಿ ಮಲಗೋದು ಅಮ್ಮ. ಹುಡುಗಿಗೆ ಮಾತ್ರ ಗೊತ್ತು, ಇದು ಅಮ್ಮ ಅಲ್ಲ. ದೊಡ್ಡವರಿಗೆ ಹೇಳಿದರೆ ನಂಬೋದು ಹೇಗೆ? ಮುಖ ಅಮ್ಮನದೇ ಅಲ್ವಾ?

ಆಮೇಲೆ ಒಂದು ಪುಟದಲ್ಲಿ ಆ ಮುಖ ಬದಲಾಗುತ್ತೆ. ಬಾಯಿ ಕಿವಿತನಕ ಹರಿಯುತ್ತೆ, ಚರ್ಮದ ಮೇಲೆ ಹಾವಿನ ಪೊರೆ. ಉಮೆಜು ಇದನ್ನ ಬರೆದ ರೀತಿ ನೋಡಬೇಕು. ಜಪಾನಿನ ಕಾಮಿಕ್ಸನ್ನ ಬಲದಿಂದ ಎಡಕ್ಕೆ ಓದ್ತಾರೆ. ಎಡಪುಟದ ಕೊನೆ ಚೌಕದಲ್ಲಿ ಹುಡುಗಿ ಹಿಂದೆ ತಿರುಗ್ತಾಳೆ, ಅಷ್ಟೇ. ಏನು ನೋಡಿದಳು ಅಂತ ಗೊತ್ತಾಗಬೇಕಂದ್ರೆ ಪುಟ ತಿರುಗಿಸಬೇಕು. ತಿರುಗಿಸೋದು ಓದುಗಳ ಕೈ. ಸಿನಿಮಾದಲ್ಲಿ ಭಯ ತಾನಾಗಿ ಬರುತ್ತೆ, ಇಲ್ಲಿ ನಾವೇ ಕೈಯಾರೆ ಅದನ್ನ ಕರೀತೀವಿ. ಇನ್ನೊಂದು ತಂತ್ರ ಕಣ್ಣಿನದು. ಹುಡುಗಿಯರ ಕಾಮಿಕ್ಸ್‌ನ ಆ ದೊಡ್ಡ, ಹೊಳೆಯೋ, ಮುದ್ದಾದ ಕಣ್ಣುಗಳನ್ನೇ ಉಮೆಜು ಇಟ್ಕೊಂಡರು. ಪ್ರೀತಿಯಲ್ಲಿ ಅರಳ್ತಿದ್ದ ಕಣ್ಣು ಈಗ ಭಯದಲ್ಲಿ ಅರಳ್ತು.

ಹಾವಿನ ಹೆಣ್ಣಿನ ಕಥೆ ಅವರಿಗೆ ಚಿಕ್ಕಂದಿನಲ್ಲಿ ತಂದೆ ಹೇಳಿದ್ದ ಜಾನಪದದಿಂದ ಬಂದಿದ್ದು. ಆದರೆ ಅದನ್ನ ಆಸ್ಪತ್ರೆಗೆ, ಪೇಟೆಯ ಮನೆಗೆ ತಂದಿದ್ದು ಅವರದೇ ಧೈರ್ಯ. ಪತ್ರಿಕೆ ಓದೋ ಹುಡುಗಿಯರು ಅದಕ್ಕೆ ಮುಗಿಬಿದ್ದರು. ಹಾವಿನ ಹೆಣ್ಣಿನ ಕಥೆಗಳು ಒಂದಾದಮೇಲೊಂದು ಬಂದವು, 1966ರ 'ಹಾವು ಹುಡುಗಿ' ತನಕ.

ಯಾಕೆ ಮುಗಿಬಿದ್ದರು? ಹನ್ನೆರಡು ಹದಿಮೂರರ ಹುಡುಗಿಗೆ ಅಮ್ಮ ಅಂದ್ರೆ ಪ್ರೀತಿ ಮಾತ್ರ ಅಲ್ಲ. ಅಮ್ಮ ಅಂದ್ರೆ ಹೀಗೆ ಕೂರು, ಹೀಗೆ ನಗು, ಹೊರಗೆ ಹೋಗಬೇಡ ಅಂತ ಹೇಳೋ ಬಾಯಿ ಕೂಡ. ಮುಂದೆ ನೀನೂ ಹೀಗೇ ಆಗ್ತೀಯ ಅಂತ ತೋರಿಸೋ ಕನ್ನಡಿ ಕೂಡ. ಹುಡುಗಿಯರ ಪತ್ರಿಕೆಗಳು ಆ ಭಯಕ್ಕೆ ಜಾಗ ಕೊಟ್ಟಿರಲಿಲ್ಲ. ಹಾವಿನ ಅಮ್ಮ ಕೊಟ್ಟಳು.

1974ರಲ್ಲಿ ಶುರುವಾದ 'ಸೆನ್‌ರೇಯ್'ನಲ್ಲಿ ಉಮೆಜು ಇದನ್ನ ಇನ್ನೂ ಮುಂದಕ್ಕೆ ಒಯ್ದರು. ಒಬ್ಬ ಪ್ರಸಿದ್ಧ ನಟಿ. ಪರದೆಯ ಮೇಲೆ ಅಪ್ಸರೆ. ಮೇಕಪ್ ಕೆಳಗೆ ಮುಖ ಕೆಡ್ತಾ ಇದೆ, ವಯಸ್ಸಾಗ್ತಿದೆ. ಅವಳು ಒಂದು ಹೆಣ್ಣುಮಗು ಹೆರ್ತಾಳೆ, ಮುದ್ದಿನಿಂದ ಬೆಳೆಸ್ತಾಳೆ. ಯಾಕೆ? ಮಗಳು ಬೆಳೆದ ಮೇಲೆ ತನ್ನ ಮೆದುಳನ್ನ ಅವಳ ದೇಹಕ್ಕೆ ಹಾಕಿಸ್ಕೊಂಡು ಮತ್ತೆ ಚಿಕ್ಕವಳಾಗೋಕೆ. ಕೇಳೋಕೆ ಹುಚ್ಚುಹುಚ್ಚಾಗಿದೆ. ಆದರೆ ಆ ಅಮ್ಮನನ್ನ ರಾಕ್ಷಸಿ ಮಾಡಿದ್ದು ಯಾರು ಅಂತ ಕೇಳಿ. ನಟಿಯ ಮುಖ ಚೆಂದ ಇರೋ ತನಕ ಮಾತ್ರ ಅವಳಿಗೆ ಬೆಲೆ ಕೊಟ್ಟ ಒಂದು ಇಡೀ ಉದ್ಯಮ ಅದರ ಹಿಂದಿದೆ. ಫಿಲ್ಟರ್ ಹಾಕದೆ ಫೋಟೋ ಹಾಕೋಕೆ ಅಂಜೋ ನಮ್ಮ ಕಾಲಕ್ಕೆ ಈ ಕಥೆ ದೂರದ್ದೇನಲ್ಲ.

1979: ನಾನು ಚೆಂದ ಇದ್ದೀನಾ?

ಈಗ ಪುಟದಿಂದ ಬೀದಿಗೆ ಬರೋಣ. 1978ರ ಕೊನೆಯಲ್ಲಿ ಜಪಾನಿನ ಗಿಫು ಪ್ರಾಂತ್ಯದಲ್ಲಿ ಒಂದು ವದಂತಿ ಹುಟ್ಟಿತು. 1979ರ ಮಧ್ಯಕ್ಕೆ ದೇಶವೆಲ್ಲ ಹಬ್ಬಿತು. ಸಂಜೆ ಹೊತ್ತು ಮಾಸ್ಕ್ ಹಾಕ್ಕೊಂಡ ಹೆಂಗಸೊಬ್ಬಳು ಶಾಲೆಯಿಂದ ಬರೋ ಮಕ್ಕಳನ್ನ ತಡೆದು ಕೇಳ್ತಾಳಂತೆ, ನಾನು ಚೆಂದ ಇದ್ದೀನಾ ಅಂತ. ಹೌದು ಅಂದ್ರೆ ಮಾಸ್ಕ್ ತೆಗೀತಾಳೆ. ಬಾಯಿ ಕಿವಿತನಕ ಸೀಳಿದೆ. ಈಗಲೂ ಚೆಂದ ಇದ್ದೀನಾ ಅಂತ ಮತ್ತೆ ಕೇಳ್ತಾಳೆ. ಇವಳೇ ಕುಚಿಸಾಕೆ-ಒನ್ನಾ, ಅಂದ್ರೆ ಬಾಯಿ ಹರಿದ ಹೆಣ್ಣು. ಮಕ್ಕಳನ್ನ ಗುಂಪು ಮಾಡಿ ಮನೆಗೆ ಕಳಿಸೋ ಮಟ್ಟಿಗೆ ಭಯ ಹಬ್ಬಿತ್ತು. ಸೀಳಿದ್ದು ಯಾರು? ಕೆಲವರು ಹೇಳೋ ಕಥೆಯಲ್ಲಿ ಅನುಮಾನದ ಗಂಡ. ಇನ್ನು ಕೆಲವರ ಕಥೆಯಲ್ಲಿ ಚೆಂದ ಆಗೋಕೆ ಹೋಗಿ ಕೆಟ್ಟುಹೋದ ಶಸ್ತ್ರಚಿಕಿತ್ಸೆ.

ಅವಳಿಂದ ತಪ್ಪಿಸ್ಕೊಳ್ಳೋ ಉಪಾಯ ಏನು ಗೊತ್ತಾ? ಹೌದು ಅನ್ನಬಾರದು, ಇಲ್ಲ ಅನ್ನಬಾರದು. 'ಸುಮಾರಾಗಿದ್ದೀರಿ' ಅನ್ನಬೇಕು. ಅವಳು ಯೋಚನೆಗೆ ಬೀಳ್ತಾಳೆ, ನೀವು ಓಡಬೇಕು. ಇದನ್ನ ಕೇಳಿದಾಗ ಬೆಂಗಳೂರಿನವರಿಗೆ ಇನ್ನೊಬ್ಬಳು ನೆನಪಾಗಲೇಬೇಕು. ತೊಂಬತ್ತರ ದಶಕದಲ್ಲಿ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆಸಿದವಳು. ಅವಳೂ ಓದ್ತಾಳೆ, ನಂಬ್ತಾಳೆ, ವಾಪಸ್ ಹೋಗ್ತಾಳೆ. 2018ರ ಹಿಂದಿ ಸಿನಿಮಾ 'ಸ್ತ್ರೀ' ಈ ಬಾಗಿಲ ಬರಹವನ್ನೇ ಚಂದೇರಿ ಅನ್ನೋ ಊರಿಗೆ ಒಯ್ದಿತು. ಎರಡು ದೇಶ, ಎರಡು ದೆವ್ವ, ಇಬ್ಬರೂ ಮಾತಿಗೆ ಬೆಲೆ ಕೊಡ್ತಾರೆ. ಸುಳ್ಳು ಹೇಳೋದು ಬದುಕಿರೋ ನಾವೇ.

1987: ತೊಮಿಯೆ ಕ್ಲಾಸಿಗೆ ವಾಪಸ್ ಬರ್ತಾಳೆ

ಅದೇ ಗಿಫು ಪ್ರಾಂತ್ಯದಲ್ಲಿ 1963ರಲ್ಲಿ ಹುಟ್ಟಿದವರು ಜುಂಜಿ ಇತೋ. ಅಕ್ಕಂದಿರು ತರ್ತಿದ್ದ ಪತ್ರಿಕೆಗಳಲ್ಲಿ ಉಮೆಜು ಕಥೆ ಓದ್ತಾ ಬೆಳೆದ ಹುಡುಗ. ಅಂದ್ರೆ ಹುಡುಗಿಯರ ಓದು ಅಕ್ಕಂದಿರ ಮೂಲಕ ತಮ್ಮನಿಗೆ ದಾಟಿತು. ಮುಂದೆ ಹಲ್ಲಿನ ಸೆಟ್ಟು ಮಾಡೋ ಡೆಂಟಲ್ ಟೆಕ್ನಿಷಿಯನ್ ಕೆಲಸ ಮಾಡ್ತಾ, ರಾತ್ರಿ ಹೊತ್ತು ಚಿತ್ರ ಬರೀತಿದ್ದರು. 'ಮಂಥ್ಲಿ ಹ್ಯಾಲೋವೀನ್' ಪತ್ರಿಕೆ ಉಮೆಜು ಹೆಸರಲ್ಲೇ ಒಂದು ಸ್ಪರ್ಧೆ ಇಟ್ಟಾಗ ಕಥೆ ಕಳಿಸಿದರು. ಮೆಚ್ಚುಗೆಯ ಬಹುಮಾನ ಸಿಕ್ಕಿತು. ಆ ಕಥೆಯೇ 'ತೊಮಿಯೆ'.

ತೊಮಿಯೆ ಅಂದ್ರೆ ಗಂಡಸರಿಗೆ ಹುಚ್ಚು ಹಿಡಿಸೋ ಸುಂದರಿ, ಅವಳನ್ನ ಪ್ರೀತಿಸಿದವರೇ ಕೊಲ್ತಾರೆ, ಎಷ್ಟು ತುಂಡು ಮಾಡಿದರೂ ಒಂದೊಂದು ತುಂಡೂ ಒಬ್ಬೊಬ್ಬ ತೊಮಿಯೆ ಆಗಿ ಬೆಳೆಯುತ್ತೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಮೊದಲ ಕಥೆಯನ್ನ ಮತ್ತೆ ಓದಿ. ಅಲ್ಲಿ ಇನ್ನೂ ದೆವ್ವ ಇಲ್ಲ. ಒಂದು ಶಾಲೆ ಇದೆ. ಒಬ್ಬ ವಿದ್ಯಾರ್ಥಿನಿ, ಅವಳ ಜೊತೆ ಸಂಬಂಧ ಇಟ್ಕೊಂಡ ಒಬ್ಬ ಮೇಷ್ಟ್ರು. ಕ್ಲಾಸಿನವರೆಲ್ಲ ಹೊರಗೆ ಪ್ರವಾಸ ಹೋದಾಗ ಜಗಳ ಆಗುತ್ತೆ, ಹುಡುಗಿ ಬೆಟ್ಟದ ಅಂಚಿಂದ ಬೀಳ್ತಾಳೆ. ಮೇಷ್ಟ್ರು ಪೊಲೀಸರಿಗೆ ಹೇಳಲ್ಲ. ಇಡೀ ಕ್ಲಾಸನ್ನ ಒಪ್ಪಿಸ್ತಾನೆ. ದೇಹ ತುಂಡು ಮಾಡ್ತಾರೆ, ಹಂಚ್ಕೋತಾರೆ, ಒಬ್ಬೊಬ್ಬರು ಒಂದೊಂದು ತುಂಡು ಎಸೆದು ಬರ್ತಾರೆ. ಮಾತಾಡಬಾರದು ಅಂತ ಒಪ್ಪಂದ.

ಆಮೇಲೆ ತೊಮಿಯೆ ಏನೂ ಆಗದವಳ ಹಾಗೆ ಕ್ಲಾಸಿನ ಬಾಗಿಲು ತೆಗೆದು ಒಳಗೆ ಬರ್ತಾಳೆ.

ಇತೋ ಹೇಳಿಕೊಂಡ ಪ್ರಕಾರ ಈ ಕಲ್ಪನೆ ಹುಟ್ಟಿದ್ದು ಶಾಲೆಯಲ್ಲಿ ಜೊತೆಗಿದ್ದ ಹುಡುಗನೊಬ್ಬ ಅಪಘಾತದಲ್ಲಿ ತೀರಿಕೊಂಡಾಗ. ನಿನ್ನೆ ಇದ್ದವನು ಇವತ್ತಿಲ್ಲ ಅನ್ನೋದು ನಂಬೋಕಾಗದೆ, ಇನ್ನೇನು ಬಂದುಬಿಡ್ತಾನೆ ಅನ್ನಿಸ್ತಿತ್ತಂತೆ. ಜೊತೆಗೆ ಹಲ್ಲಿಯ ಬಾಲ ಮತ್ತೆ ಬೆಳೆಯೋ ಸಂಗತಿ. ದುಃಖದಲ್ಲಿ ಹುಟ್ಟಿದ ಕಲ್ಪನೆ ಪುಟದ ಮೇಲೆ ಬೇರೇನೋ ಆಯ್ತು. ಆ ಬಾಗಿಲ ದೃಶ್ಯದಲ್ಲಿ ನಮಗೆ ಭಯ ಆಗೋದು ಅವಳ ಮುಖ ನೋಡಿ ಅಲ್ಲ. ಅವಳ ಮುಖ ಚೆನ್ನಾಗೇ ಇದೆ. ಭಯ ಇರೋದು ಬೆಂಚಿನ ಮೇಲೆ ಕೂತ ಮಕ್ಕಳ ಮುಖದಲ್ಲಿ. ಅವರಿಗೆ ಗೊತ್ತು, ತಾವು ಏನು ಮಾಡಿದ್ದೀವಿ ಅಂತ.

ಇಲ್ಲಿ ಒಂದು ತಕರಾರಿದೆ, ಅದನ್ನೂ ಹೇಳಬೇಕು. ತೊಮಿಯೆ ಕಥೆಗಳು 2000ದ ತನಕ ಬಂದವು. ಮುಂದೆ ಹೋದ ಹಾಗೆ ಅವಳು ಹೆಚ್ಚು ಹೆಚ್ಚು ಕ್ರೂರಿ ಆಗ್ತಾಳೆ, ಗಂಡಸರು ಹೆಚ್ಚು ಹೆಚ್ಚು ಪಾಪದವರಾಗ್ತಾರೆ. ಕೊಂದವನು ಕೂತು ಅಳ್ತಾನೆ, ಅವಳೇ ನನ್ನ ಕೈಯಲ್ಲಿ ಮಾಡಿಸಿದಳು ಅನ್ನೋ ಥರ. ಈ ಮಾತು ನಮಗೆ ಹೊಸದಾ? ಪ್ರೀತಿ ಒಪ್ಪದ ಹುಡುಗಿಗೆ ಚಾಕು ಹಾಕಿದ ಸುದ್ದಿ ಬಂದಾಗ, ಕೆಳಗೆ ಕಾಮೆಂಟ್‌ಗಳಲ್ಲಿ ಇದೇ ಮಾತು ಇರಲ್ವಾ? ಅವಳೇ ಏನೋ ಮಾಡಿರ್ತಾಳೆ, ಸುಮ್ಮನೆ ಯಾರಾದರೂ ಕೊಲ್ತಾರಾ ಅಂತ? ತೊಮಿಯೆಯ ಕಥೆಯನ್ನ ಆ ಕಾಮೆಂಟ್ ಥರ ಓದೋದು ಬಹಳ ಸುಲಭ. ಕೆಲವು ಕಥೆಗಳು ಹಾಗೆ ಓದೋಕೆ ದಾರಿ ಮಾಡಿಕೊಡ್ತವೆ ಅನ್ನೋದೂ ನಿಜ.

ಆದರೆ ಅದೇ ಸರಣಿಯಲ್ಲಿ ಬೇರೆ ಥರದ ಕಣ್ಣೂ ಇದೆ. ಒಂದು ಕಥೆಯಲ್ಲಿ ಫೋಟೋ ತೆಗೆಯೋ ಹುಡುಗಿ ಬರ್ತಾಳೆ, ತ್ಸುಕಿಕೊ ಅಂತ. ಶಾಲೆಯ ಚೆಂದದ ಹುಡುಗರ ಫೋಟೋ ತೆಗೆದು ಹುಡುಗಿಯರಿಗೆ ಮಾರೋದು ಅವಳ ವ್ಯಾಪಾರ. ಅಂದ್ರೆ ಇಲ್ಲಿ ನೋಡೋರು ಹುಡುಗಿಯರು, ನೋಡಿಸ್ಕೊಳ್ಳೋರು ಹುಡುಗರು. ಅವಳು ತೊಮಿಯೆ ಫೋಟೋ ತೆಗೆದಾಗ ಫಿಲ್ಮ್ ಮೇಲೆ ಆ ಸುಂದರಿ ಬರೋದಿಲ್ಲ. ವಿಕಾರವಾಗಿ ಒಡೆದು ಇನ್ನೊಂದು ಮುಖ ಹುಟ್ಟುತ್ತಿರೋ ಹಾಗೆ ಕಾಣುತ್ತೆ. ಗಂಡಸರ ಕಣ್ಣಿಗೆ ಕಾಣದ್ದು ಹುಡುಗಿಯ ಕ್ಯಾಮೆರಾಗೆ ಕಾಣಿಸ್ತು. ತೊಮಿಯೆಗೆ ಸಿಟ್ಟು ಬರೋದೂ ಅದಕ್ಕೇ.

ಆ ಹೊತ್ತಿಗೆ ಇಂಥ ಪತ್ರಿಕೆಗಳಲ್ಲಿ ಹೆಂಗಸರೂ ಬರೀತಿದ್ದರು. ಎಂಬತ್ತರ ದಶಕದ ಕೊನೆಯಿಂದ ಬರೆದ ಕನಕೊ ಇನುಕಿಯವರನ್ನ ಹಾರರ್ ಮಾಂಗಾದ ರಾಣಿ ಅಂತಾನೇ ಕರೆದರು. ಓದುಗರು ಹುಡುಗಿಯರು, ಬರೆಯೋರಲ್ಲಿ ಹೆಂಗಸರು, ಪುಟದ ಮೇಲೆ ಭಯಾನಕ ಹೆಣ್ಣು. ಗಂಡಸರ ಭಯ ಅಂತ ಒಂದೇ ಮಾತಲ್ಲಿ ಮುಗಿಸೋಕೆ ಆಗದೇ ಇರೋದು ಇದಕ್ಕೇ.

ಜೋಡಿಸಿದ ಹೆಣ್ಣು

ಕೊನೆಯ ನಿಲ್ದಾಣ ಕೆನಡಾ. 2014ರಲ್ಲಿ ಎಮಿಲಿ ಕ್ಯಾರಲ್ ಅನ್ನೋ ಕಲಾವಿದೆಯ 'ಥ್ರೂ ದ ವುಡ್ಸ್' ಅನ್ನೋ ಗ್ರಾಫಿಕ್ ಕಥೆಗಳ ಸಂಕಲನ ಬಂತು. ಅದರಲ್ಲಿ ಒಂದು ಕಥೆ. ಹೊಸದಾಗಿ ಮದುವೆಯಾದ ಹುಡುಗಿ ದೊಡ್ಡ ಬಂಗಲೆಗೆ ಬರ್ತಾಳೆ. ರಾತ್ರಿ ಗೋಡೆಯೊಳಗಿಂದ ಹಾಡು ಕೇಳಿಸುತ್ತೆ. ಹುಡುಕ್ತಾ ಹೋದರೆ ಮನೆಯ ಮೂಲೆಮೂಲೆಯಲ್ಲಿ ಒಬ್ಬ ಹೆಂಗಸಿನ ದೇಹದ ತುಂಡುಗಳು. ಗಂಡನ ಮೊದಲ ಹೆಂಡತಿ. ಹುಡುಗಿ ಒಂದೊಂದನ್ನೇ ತಂದು, ಜೋಡಿಸಿ, ರಿಬ್ಬನ್‌ನಿಂದ ಕಟ್ತಾಳೆ. ಎದ್ದು ಕೂತ ಮೊದಲ ಹೆಂಡತಿ ಧನ್ಯವಾದ ಹೇಳ್ತಾಳಾ? ಇಲ್ಲ. ನನ್ನ ಜಾಗಕ್ಕೆ ಬಂದವಳು ನೀನೇ ಅಂತ ಈ ಹುಡುಗಿಯ ಮೇಲೇ ಎರಗ್ತಾಳೆ.

ಈಗ 1825ರ ಒಯಿವಾಳ ಮದುವೆ ರಾತ್ರಿ ನೆನಪಿಸ್ಕೊಳ್ಳಿ. ಅಲ್ಲೂ ಮೊದಲು ಉರುಳಿದ್ದು ಹೊಸ ಹೆಂಡತಿಯ ತಲೆ. ತೊಮಿಯೆಯ ತುಂಡುಗಳು ಬೆಳೆದು ನಿಂತ ಮೇಲೆ ಏನು ಮಾಡ್ತವೆ? ಒಬ್ಬ ತೊಮಿಯೆ ಇನ್ನೊಬ್ಬ ತೊಮಿಯೆಯನ್ನ ಕೊಲ್ಲೋಕೆ ನೋಡ್ತಾಳೆ. ಹತ್ತಿರಹತ್ತಿರ 200 ವರ್ಷದ ಈ ಕಥೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತೆ. ಗಂಡಸು ಮಾಡಿದ ತಪ್ಪಿಗೆ ಹೆಣ್ಣಿನ ಸಿಟ್ಟು ಇನ್ನೊಬ್ಬ ಹೆಣ್ಣಿನ ಮೇಲೆ ಹೋಗುತ್ತೆ. ವಿಷ ಕಳಿಸಿದ ಮನೆಯ ಯಜಮಾನ, ಕ್ಲಾಸನ್ನ ಒಪ್ಪಿಸಿದ ಮೇಷ್ಟ್ರು, ಬಂಗಲೆಯ ಗಂಡ, ಇವರ ಮುಖ ಯಾವ ಟೀಶರ್ಟ್ ಮೇಲೂ ಇಲ್ಲ. ನಮಗೆ ಅವರ ಹೆಸರೂ ನೆನಪಿರಲ್ಲ. ನೆನಪಿರೋದು ಹರಿದ ಬಾಯಿ, ಬಿಚ್ಚಿದ ಕೂದಲು.

ಹಾಗಂತ ಈ ಕಾಮಿಕ್ಸ್ ಓದಬೇಡಿ ಅಂತ ನಾನು ಹೇಳ್ತಿಲ್ಲ. ಖಂಡಿತ ಓದಿ. ಅರವತ್ತು ವರ್ಷದ ಹಿಂದೆ ಜಪಾನಿನ ಹುಡುಗಿಯರು ತಮ್ಮ ಮನೆಯಲ್ಲಿ ಯಾರ ಹತ್ತಿರವೂ ಹೇಳಲಾಗದ ಭಯವನ್ನ ಈ ಪುಟಗಳಲ್ಲಿ ಕಂಡರು. ಅದು ಸಣ್ಣ ವಿಷಯ ಅಲ್ಲ. ಉಮೆಜು 2024ರ ಅಕ್ಟೋಬರ್‌ನಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹಾವಿನ ಅಮ್ಮ ಇನ್ನೂ ಅಚ್ಚಾಗ್ತಿದ್ದಾಳೆ.

ಓದುವಾಗ ಒಂದೇ ಒಂದು ಕೆಲಸ ಮಾಡಿ. ದೆವ್ವ ಮೊದಲ ಸಲ ಕಾಣಿಸ್ಕೊಂಡ ಪುಟದಲ್ಲಿ ಸ್ವಲ್ಪ ನಿಲ್ಲಿ. ಅಲ್ಲಿಂದ ನಾಲ್ಕು ಪುಟ ಹಿಂದಕ್ಕೆ ಹೋಗಿ. ಅವಳು ಇನ್ನೂ ಮನುಷ್ಯಳಾಗಿದ್ದ ಕೊನೆಯ ಚೌಕ ಹುಡುಕಿ. ಆ ಚೌಕದಲ್ಲಿ ಅವಳ ಎದುರಿಗೆ ಯಾರು ನಿಂತಿದ್ದಾರೆ, ಅವರ ಕೈಯಲ್ಲಿ ಏನಿದೆ ಅಂತ ನೋಡಿ.

ಇವತ್ತಿಗೆ ಇಷ್ಟು. ನಿಮ್ಮೂರಲ್ಲಿ ಕೇಳಿದ ಹೆಣ್ಣು ದೆವ್ವದ ಕಥೆ ಇದ್ದರೆ, ಅದರಲ್ಲೂ ಅವಳು ದೆವ್ವ ಆಗೋ ಮುಂಚಿನ ಕಥೆ ಗೊತ್ತಿದ್ದರೆ, ನಮಗೆ ಬರೆದು ಕಳಿಸಿ. ಸಂಚಿಕೆ ಇಷ್ಟ ಆದರೆ ಹಾರರ್ ನೋಡೋಕೆ ಹೆದರೋ ಒಬ್ಬ ಸ್ನೇಹಿತರಿಗಾದರೂ ಶೇರ್ ಮಾಡಿ. ಮುಂದಿನ ವಾರ ಮತ್ತೆ ಸಿಗೋಣ. ಲೈಟ್ ಆಫ್ ಮಾಡೋದು ಬಿಡೋದು ನಿಮ್ಮಿಷ್ಟ.